ಹಾಸಿದ ಹಾದಿ ಮತ್ತು ಈರ್ಯಾಸಮಿತಿ

ಜೈನಾಚಾರದಲ್ಲಿ ನಡಿಗೆಯೂ ಸಾಧನೆಯ ಒಂದು ಅಂಗವೇ ಆಗಿದೆ. ಪಂಚಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯು ಮುನಿಯಾದವನು ಹೇಗೆ ನಡೆಯಬೇಕೆಂಬುದನ್ನು ವಿಧಿಸುತ್ತದೆ. ಸೂರ್ಯನ ಬೆಳಕಿನಲ್ಲಿ, ಜನರೂ ದನಕರುಗಳೂ ತುಳಿದು ಹೋದ ಮಾರ್ಗದಲ್ಲಿ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಪ್ರಯೋಜನವಿದ್ದಾಗ ಮಾತ್ರ ನಡೆಯಬೇಕು. ಹಸಿರು ಹುಲ್ಲು, ಮೊಳಕೆ, ಇರುವೆಯ ಸಾಲು ಇದ್ದಲ್ಲಿ ಬಳಸಿಕೊಂಡು ಹೋಗಬೇಕು. ಮಳೆಗಾಲದಲ್ಲಿ ವಿಹಾರವನ್ನೇ ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುವ ಪದ್ಧತಿಯೂ ಇದೇ ವಿವೇಕದಿಂದ ಬಂದುದು.

ಈ ವಿಧಿಯನ್ನು ಇಂದಿನ ನಗರದ ನದೀತೀರದ ಹಾದಿಯೊಂದಕ್ಕೆ ಅನ್ವಯಿಸಿ ನೋಡಿದರೆ ಒಂದು ಪ್ರಶ್ನೆ ಹುಟ್ಟುತ್ತದೆ. ಜೈನರ ಹಳೆಯ ನೆಲೆಗಳಲ್ಲಿ ಒಂದಾದ ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಂಡೆಗಳಲ್ಲಿ ತಲಾ ಸುಮಾರು 11 ಕಿಲೋಮೀಟರ್ ಉದ್ದದ ಕಾಲುದಾರಿ ನಿರ್ಮಾಣವಾಗಿದೆ. 2005ರಲ್ಲಿ ಆರಂಭವಾದ ಈ ಕಾಮಗಾರಿಯ ಮೊದಲ ಭಾಗಗಳು 2012ರ ವೇಳೆಗೆ ಜನರಿಗೆ ತೆರೆದುಕೊಂಡವು. ಏರಿಲ್ಲ, ಇಳಿತವಿಲ್ಲ, ಕಲ್ಲುಮುಳ್ಳಿಲ್ಲ, ವಾಹನಗಳ ಕಾಟವಿಲ್ಲ. ಇರುವೆಯೊಂದು ಹರಿದರೂ ಕಣ್ಣಿಗೆ ಬೀಳುವಷ್ಟು ನೆಲ ಸ್ವಚ್ಛ. ಹಾಗಾದರೆ ಈರ್ಯಾಸಮಿತಿಗೆ ಇದಕ್ಕಿಂತ ಅನುಕೂಲವಾದ ಮಾರ್ಗ ಬೇರೆ ಯಾವುದು? ಇಲ್ಲಿ ನಡೆಯುವವನು ಕಾಡುದಾರಿಯಲ್ಲಿ ನಡೆಯುವವನಿಗಿಂತ ಹೆಚ್ಚು ಅಹಿಂಸಕನೇ?

ಆಚಾರ್ಯರು ಇದಕ್ಕೆ ಬಹು ಹಿಂದೆಯೇ ಉತ್ತರವಿತ್ತಿದ್ದಾರೆ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವೇಚಿಸುತ್ತ, ಎಚ್ಚರದಿಂದ ಹೆಜ್ಜೆಯಿಡುವ ಸಾಧುವಿನ ಕಾಲಡಿಗೆ ಜೀವಿಯೊಂದು ಅಕಸ್ಮಾತ್ತಾಗಿ ಸಿಕ್ಕಿ ಸತ್ತರೂ ಅವನಿಗೆ ಬಂಧವಿಲ್ಲವೆಂದೂ, ಎಚ್ಚರಗೇಡಿಗೆ ಯಾವ ಜೀವಿಯೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪದೆಂದೂ ಸ್ಪಷ್ಟಪಡಿಸಿದ್ದಾರೆ. ಆದುದರಿಂದ ಅಹಿಂಸೆಯನ್ನು ಅಳೆಯಬೇಕಾದುದು ನೆಲದ ನುಣುಪಿನಿಂದಲ್ಲ, ನಡೆಯುವವನ ಅಪ್ರಮಾದದಿಂದ. ಸುಗಮವಾದ ಹಾದಿಯ ಅಪಾಯವೂ ಇಲ್ಲಿಯೇ ಇದೆ. ಮುಳ್ಳಿನ ದಾರಿ ಕಣ್ಣನ್ನು ನೆಲಕ್ಕೆ ಎಳೆಯುತ್ತದೆ. ಹಾಸಿದ ಹಾದಿ ಅದನ್ನು ಬಿಟ್ಟುಕೊಡುತ್ತದೆ. ಕಣ್ಣು ಮೊಬೈಲಿನ ಮೇಲೆ, ಮನಸ್ಸು ಮಾತಿನ ಮೇಲೆ. ಮಳೆ ನಿಂತ ಬೆಳಗಿನಲ್ಲಿ ಮಣ್ಣಿನಿಂದ ಹೊರಬಂದ ಎರೆಹುಳು ಇಂಗಲು ಎಡೆಯಿಲ್ಲದ ಕಲ್ಲಿನ ಮೇಲೆ ಹೊರಳುವುದನ್ನು ಕಾಣುವವರು ಎಷ್ಟು ಮಂದಿ?

ಗೃಹಸ್ಥನು ಮುನಿಯಲ್ಲ, ಅವನಿಗಿರುವುದು ಅಣುವ್ರತ. ಆದರೂ ಗುಣವ್ರತಗಳಲ್ಲಿ ಅನರ್ಥದಂಡತ್ಯಾಗವೆಂಬುದು ಒಂದುಂಟು. ಸಮಂತಭದ್ರರು ರತ್ನಕರಂಡಕದಲ್ಲಿ ನಿಷ್ಪ್ರಯೋಜನವಾದ ತಿರುಗಾಟವನ್ನೂ ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರೆ. ಇದರಿಂದ ಸಂಜೆಯ ನಡಿಗೆ ನಿಷಿದ್ಧವೆಂದು ತಿಳಿಯಬೇಕಾಗಿಲ್ಲ. ದೇಹಾರೋಗ್ಯ, ಮನಸ್ಸಿನ ಸಮಾಧಾನ, ವೃದ್ಧರಿಗೆ ಜೊತೆಯಾಗುವುದು, ಇವೆಲ್ಲ ಪ್ರಯೋಜನಗಳೇ. ಪ್ರಯೋಜನವನ್ನು ಅರಿತು ಹೊರಡುವುದೇ ಇಲ್ಲಿನ ನಿಯಮ.

ಆದರೆ ಇದಕ್ಕಿಂತ ಗಹನವಾದ ವಿಚಾರವೊಂದು ಆ ನದೀತೀರದಲ್ಲಿಯೇ ಅಡಗಿದೆ. ಹಾದಿ ಹಾಸುವ ಮೊದಲು ಆ ದಂಡೆಗಳು ಬರಿದಾಗಿರಲಿಲ್ಲ. ಬಟ್ಟೆ ಒಗೆಯುವವರು, ನದಿಯ ಪಾತ್ರದಲ್ಲಿ ತರಕಾರಿ ಬೆಳೆಯುವವರು, ಕೂಲಿಯವರು ಅಲ್ಲಿ ಬಾಳುತ್ತಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿಂದ ಏಳಬೇಕಾಯಿತು. ಪುನರ್ವಸತಿಯ ಪ್ರಶ್ನೆ ಗುಜರಾತ್ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅನೇಕರಿಗೆ ಮನೆಗಳು ದೊರೆತರೂ ಅವು ಕೆಲಸದ ಸ್ಥಳಗಳಿಂದ ದೂರದಲ್ಲಿದ್ದವು. ಆ ಗುಡಿಸಲುಗಳಿಗೆ ನೆರೆಯ ಭಯವಿತ್ತು, ದಂಡೆಯಲ್ಲಿ ಕೊಳಕಿತ್ತು ಎಂಬುದೂ ಸತ್ಯವೇ. ಹಾಗೆಯೇ ಮಳೆಗಾಲ ಕಳೆದರೆ ಬತ್ತುತ್ತಿದ್ದ ನದಿಯಲ್ಲಿ ಇಂದು ವರ್ಷವಿಡೀ ನಿಲ್ಲುವ ನೀರು ನರ್ಮದೆಯ ಕಾಲುವೆಯಿಂದ ಬಂದುದು.

ಶ್ವೇತಾಂಬರ ಸಂಪ್ರದಾಯದಲ್ಲಿ ಸಾಮಾಯಿಕಕ್ಕೆ ಮುಂಚೆ ಹೇಳುವ ಇರಿಯಾವಹಿಯ ಸೂತ್ರವು ನಡಿಗೆಯ ದೋಷಗಳ ಆಲೋಚನೆಯಾಗಿದೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಿಗಳಿಗೆ ಆದ ನೋವನ್ನು ಅದು ಒಂದೊಂದಾಗಿ ನೆನೆಯುತ್ತದೆ. ಆ ದೋಷಗಳ ಸಾಲಿನಲ್ಲಿ ಜೀವಿಯನ್ನು ಅದರ ನೆಲೆಯಿಂದ ಬೇರೊಂದು ನೆಲೆಗೆ ಸರಿಸಿದುದೂ ಸೇರಿದೆ. ಒಂದು ಇರುವೆಯ ಎಡೆ ತಪ್ಪಿಸಿದುದಕ್ಕೂ ಕ್ಷಮೆ ಬೇಡುವ ಧರ್ಮವು, ಪಂಚೇಂದ್ರಿಯ ಜೀವಿಯಾದ ಮನುಷ್ಯನ ನೆಲೆ ತಪ್ಪಿದುದನ್ನು ಲೆಕ್ಕಕ್ಕೆ ತಾರದೆ ಇರಲು ಸಾಧ್ಯವೇ?

ಹಾಗೆಂದು ಅಲ್ಲಿ ನಡೆಯುವ ಪ್ರತಿಯೊಬ್ಬನೂ ಆ ನೋವಿಗೆ ಹೊಣೆಯಲ್ಲ. ಅವನು ಅದನ್ನು ಮಾಡಿದವನೂ ಅಲ್ಲ, ಮಾಡಿಸಿದವನೂ ಅಲ್ಲ. ಉಳಿದಿರುವುದು ಅನುಮೋದನೆ, ಅದನ್ನು ನಿರ್ಣಯಿಸುವುದು ಭಾವ. ತಂಗಾಳಿಯನ್ನು ಸವಿದು, ಎದ್ದುಹೋದವರನ್ನೂ ನೆನೆದು, ಅವರ ಪರವಾಗಿ ಒಂದು ಮಾತಾಡುವವನು ಅನುಮೋದಕನಲ್ಲ. “ಕೊಳಕು ತೊಲಗಿತು, ಒಳ್ಳೆಯದಾಯಿತು” ಎಂದು ಜನರನ್ನೂ ಕೊಳಕಿನೊಡನೆ ಸೇರಿಸಿ ಹಿಗ್ಗುವವನಾದರೋ ಕುಳಿತಲ್ಲಿಯೇ ಆ ದೋಷದಲ್ಲಿ ಪಾಲುಗೊಳ್ಳುತ್ತಾನೆ.

ಕ್ಷೇತ್ರಗಳಲ್ಲಿ ಪ್ರದಕ್ಷಿಣಾಪಥವನ್ನೋ ಯಾತ್ರಿಕರ ದಾರಿಯನ್ನೋ ಹಾಸಲು ಹೊರಡುವ ಬಸದಿಯ ಧರ್ಮದರ್ಶಿಗಳಿಗೂ ಇದು ಅನ್ವಯಿಸುತ್ತದೆ. ಮಾರ್ಗದ ಅಂಚಿನಲ್ಲಿ ಹೂವು, ಕಾಯಿ ಮಾರಿ ಬದುಕುವವರು ಎಲ್ಲಿಗೆ ಹೋಗುತ್ತಾರೆ, ಕಡಿಯುವ ಮರದಲ್ಲಿ ಗೂಡುಗಳಿವೆಯೇ, ಮಳೆಯ ನೀರು ಇಂಗಲು ಮಣ್ಣು ಉಳಿಯುತ್ತದೆಯೇ ಎಂಬುದನ್ನು ಕಲ್ಲು ತರಿಸುವ ಮೊದಲೇ ವಿಚಾರಿಸಬೇಕು. ದಾರಿಯಲ್ಲಿ ನಡೆಯುವವನ ದೃಷ್ಟಿ ನಾಲ್ಕು ಮೊಳ ಮುಂದಕ್ಕಿದ್ದರೆ ಸಾಕು. ದಾರಿಯನ್ನು ಮಾಡಿಸುವವನ ದೃಷ್ಟಿಯಾದರೋ, ಆ ದಾರಿಗಾಗಿ ಎದ್ದುಹೋಗಬೇಕಾದ ಕೊನೆಯ ಜೀವಿಯವರೆಗೂ ಹೋಗಬೇಕು.