ಸೈಕಲ್ಲು ಯಾರಿಗೆ?

ಹೊಸ ರೋಡ್ ಬೈಕ್ ತಗೋಬೇಕು ಅಂತ ಮೂರು ತಿಂಗಳು ತಲೆ ಕೆಡಿಸಿಕೊಂಡೆ. ಬಜೆಟ್ 1 ಲಕ್ಷ. ಬೇಡಿಕೆ ಎರಡು. ಭಾನುವಾರ ಬೆಳಗ್ಗೆ ಹೆಬ್ಬಾಳದಿಂದ ನಂದಿ ಬೆಟ್ಟಕ್ಕೆ ಗುಂಪಿನ ಜೊತೆ ಓಡಬೇಕು. ಹಾಗೇ, ಲಗೇಜ್ ಕಟ್ಟಿಕೊಂಡು ದೂರದ ಊರಿಗೂ ಹೋಗಬೇಕು. ಈ ಎರಡನೆಯದು ಗೆಳೆಯನಿಗೆ ಕೊಟ್ಟ ಮಾತು. ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿಯ 14 ತಿರುವುಗಳನ್ನ ಬ್ಯಾಗ್ ಸಮೇತ ಹತ್ತೋಣ ಅಂತ ಆರು ವರ್ಷದ ಹಿಂದೆ ಮಾತಾಡಿಕೊಂಡಿದ್ವಿ.

ಅಂಗಡಿಯ ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ್ರು. ‘ಸರ್, ಹೋದ ವರ್ಷ ಎಷ್ಟು ಸಲ ಲಗೇಜ್ ಕಟ್ಕೊಂಡು ಹೋಗಿದ್ರಿ?’

ಒಂದು ಸಲವೂ ಇಲ್ಲ.

‘ಭಾನುವಾರದ ರೈಡು?’

‘ಮೂವತ್ತಾದ್ರೂ ಆಗಿರುತ್ತೆ.’

‘ಹಂಗಾದ್ರೆ ಹಗುರದ್ದೇ ತಗೊಳ್ಳಿ.’

ಅವರ ಲೆಕ್ಕ ತಪ್ಪಲ್ಲ. ರೇಸಿನ ಸೈಕಲ್ಲಿಗೆ ತೆಳು ಟೈರು, ಗಿಡ್ಡ ಹಿಂಭಾಗ. ಅದಕ್ಕೆ ಬ್ಯಾಗ್ ನೇತುಹಾಕಿದರೆ ಪೆಡಲ್ ತುಳಿಯುವಾಗ ಹಿಮ್ಮಡಿ ತಾಗುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಕ್ಯಾರಿಯರ್ ಕೂರಿಸೋಕೆ ಸ್ಕ್ರೂ ತೂತೇ ಇರಲ್ಲ. ಟೂರಿಂಗ್ ಸೈಕಲ್ಲು ಹೊರೆ ಹೊರುತ್ತೆ, ಆದರೆ ತಾನೇ ಐದಾರು ಕಿಲೋ ಹೆಚ್ಚು ತೂಗಬಹುದು.

ಮನೆಗೆ ಬಂದು ಯೋಚಿಸಿದೆ. ನಾನು ಆಗಬೇಕು ಅಂದುಕೊಂಡವನಿಗಾಗಿ ಏನೆಲ್ಲ ಕೊಂಡಿದ್ದೀನಿ! ಗೋಡೆಗೆ ಒರಗಿದ ಗಿಟಾರ್ ಅವನದ್ದು. ಸುರುಳಿ ಬಿಚ್ಚದ ಯೋಗ ಮ್ಯಾಟೂ ಅವನದ್ದೇ. ಇಎಂಐ ಮಾತ್ರ ನಂದು. ಈ ಸಲವಾದರೂ ಪ್ರಾಮಾಣಿಕವಾಗಿ, ಇರುವ ನನಗೇ ಕೊಳ್ಳೋಣ ಅನ್ನಿಸಿತು.

ಆದರೆ ಹೋದ ವರ್ಷದ ಲೆಕ್ಕವೇ ಪೂರ್ತಿ ನಾನಾ? ಹಾಗೆ ನೋಡಿದ್ದರೆ ಮೊದಲ ಸೈಕಲ್ಲನ್ನೂ ಕೊಳ್ಳುತ್ತಿರಲಿಲ್ಲ. ಗಿಟಾರಿಗೂ ಆಗುಂಬೆಗೂ ಒಂದು ವ್ಯತ್ಯಾಸ ಇದೆ. ಗಿಟಾರ್ ನುಡಿಸದಿದ್ದರೆ ಕಾಯುವವರು ಯಾರೂ ಇಲ್ಲ. ಆಗುಂಬೆಗೆ ಹೋಗದಿದ್ದರೆ ಒಬ್ಬನಿಗೆ ಕೊಟ್ಟ ಮಾತು ಮುರಿಯುತ್ತೆ. ಒಂದು ಬರೀ ಆಸೆ, ಇನ್ನೊಂದು ಸಾಲ. ‘ನಾನು ಅಂಥವನಲ್ಲ’ ಅನ್ನೋದು ಎಷ್ಟೋ ಸಲ ಪ್ರಾಮಾಣಿಕತೆಯಲ್ಲ, ಸಾಲ ತೀರಿಸದಿರೋಕೆ ಒಂದು ನೆಪ.

ಹಗುರದ ಸೈಕಲ್ಲಿನ ಆಸೆಯೂ ಅಷ್ಟೇನು ಶುದ್ಧ ಅಲ್ಲ. ನಂದಿ ಬೆಟ್ಟದಲ್ಲಿ ಹಿಂದೆ ಬಿದ್ದರೆ ನನಗೆ ನಾಚಿಕೆ. ಈ ನಾಚಿಕೆ ಹಳೇದು. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಎಲ್ಲರಿಗೂ ಡಿರೇಲರ್ ಗೇರು ಬಳಸೋಕೆ ಬಿಟ್ಟಿದ್ದು 1937ರಲ್ಲಿ. ಗೇರು ದುರ್ಬಲರಿಗೆ ಅನ್ನೋದು ಅದನ್ನು ಶುರುಮಾಡಿದ ಆನ್ರಿ ಡೆಗ್ರಾಂಜ್ ಅವರ ನಿಲುವು. ಅದೇ ಫ್ರಾನ್ಸಿನ ಪ್ರವಾಸಿಗರು ಅಷ್ಟರೊಳಗೆ ದಶಕಗಳಿಂದ ಗೇರು ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದರು. ಅವರಿಗೆ ಯಾರನ್ನೂ ಸೋಲಿಸಬೇಕಿರಲಿಲ್ಲ, ಊರು ತಲುಪಿದರೆ ಸಾಕಿತ್ತು.

ಕೊನೆಗೆ ತಗೊಂಡಿದ್ದು ನಡುವಿನದು. ಅಲ್ಯೂಮಿನಿಯಂ ಫ್ರೇಮು, 32 ಮಿಲಿಮೀಟರ್ ಟೈರು, ಹಿಂದೆ ಕ್ಯಾರಿಯರ್‌ಗೆ ತೂತುಗಳು. ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34. ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು. ಏರಿನಲ್ಲಿ ಗುಂಪು ನನ್ನ ಬಿಟ್ಟು ಹೋಗುತ್ತೆ. ಮೇಲೆ ಕಾಯ್ತಾರೆ, ನಗ್ತಾರೆ. ಅಷ್ಟೇ.

ಮನೆಯಲ್ಲಿ ತೂತುಗಳನ್ನ ಹೆಮ್ಮೆಯಿಂದ ತೋರಿಸಿದೆ. ಹೆಂಡತಿ ನೋಡಿ, ‘ತೂತಿದ್ರೆ ಆಯ್ತಾ? ತಾರೀಖು ಬೇಡ್ವಾ?’ ಅಂದಳು.

ಅವತ್ತು ರಾತ್ರಿನೇ ಗೆಳೆಯನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮಂಡಿ ಮೊದಲಿನ ಥರ ಇಲ್ಲ ಕಣೋ. ನಿಧಾನ ಹೋಗೋದಾದ್ರೆ ಬರ್ತೀನಿ.’

ಡಿಸೆಂಬರ್‌ಗೆ ನಾಲ್ಕು ದಿನ ರಜೆ ಹಾಕಿದ್ದೀನಿ. ನಿಧಾನ ಹೋಗೋಕೆ ಬೇಕಾದ ಗೇರು ನನ್ನ ಹತ್ರ ಇದೆ.