ಸದ್ದು ಒಂದೆಡೆ, ದೋಷ ಇನ್ನೊಂದೆಡೆ

ಅನುಮಾನ ಪಡುವುದು ತಪ್ಪೇ? ಈ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ತಡಮಾಡದೆ ಹೌದೆನ್ನುತ್ತಾರೆ. ಆದರೆ ಅನುಮಾನವನ್ನೇ ಪಡದವನು ಯಾವ ದೋಷವನ್ನು ತಾನೇ ಕಂಡುಹಿಡಿಯಬಲ್ಲನು? ವೈದ್ಯನು ರೋಗವನ್ನು ಅನುಮಾನಿಸುತ್ತಾನೆ. ಲೆಕ್ಕ ಪರಿಶೋಧಕನು ಅಂಕಿಗಳನ್ನು ಅನುಮಾನಿಸುತ್ತಾನೆ. ಗ್ಯಾರೇಜಿನ ಮಿಸ್ತ್ರಿ ಬೇರಿಂಗನ್ನು ಅನುಮಾನಿಸುತ್ತಾನೆ. ಇವರು ಅನುಮಾನಿಸದೆ ಕುಳಿತರೆ ರೋಗಿ ಸಾಯುತ್ತಾನೆ, ಅಂಗಡಿ ಮುಳುಗುತ್ತದೆ, ಗಾಡಿ ದಾರಿಯಲ್ಲಿ ಕೈಕೊಡುತ್ತದೆ. ಹಾಗಾದರೆ ಯಾವ ಅನುಮಾನ ಕರ್ತವ್ಯ, ಯಾವುದು ಪಾಪ? ಗೆರೆಯನ್ನು ಎಲ್ಲಿ ಎಳೆಯಬೇಕು?

ಇದನ್ನು ಅರಿಯಲು ಒಂದು ಹಳೆಯ ಕಾರನ್ನು ಮುಂದಿಟ್ಟುಕೊಂಡು ಯೋಚಿಸೋಣ. ಬೆಂಗಳೂರು-ಪುಣೆ ಹೆದ್ದಾರಿಯ ಬದಿಯಲ್ಲಿರುವ ಹಿರಿಯೂರು, ಚಿತ್ರದುರ್ಗಗಳ ಜನರಿಗೆ ಗ್ಯಾರೇಜು ಹೊಸದಲ್ಲ. ನಮ್ಮ ಅನೇಕ ಕುಟುಂಬಗಳ ಅನ್ನ ಅಲ್ಲಿಂದಲೇ ಬಂದಿದೆ. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿದಾರಿಗಳಲ್ಲಿ ಮದುವೆಯ ದಿಬ್ಬಣವನ್ನೂ ಆಸ್ಪತ್ರೆಯ ರೋಗಿಯನ್ನೂ ಹೊತ್ತು ತಿರುಗಿದ ಅಂಬಾಸಿಡರ್ ಕಾರನ್ನು ಮರೆತವರಾರು? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾಯಿತು. ಅಂತಹ ಹಳೆಯ ಗಾಡಿಯಲ್ಲಿ ಒಂದು ದಿನ ಎಲ್ಲಿಂದಲೋ ಒಂದು ಸದ್ದು ಹುಟ್ಟುತ್ತದೆ. ಎಲ್ಲಿಂದ, ಏಕೆ ಎಂದು ಯಾರಿಗೂ ತಿಳಿಯದು.

ಲೋಹ ಸದ್ದನ್ನು ಹೊತ್ತೊಯ್ಯುತ್ತದೆ

ಇಲ್ಲಿ ಗಮನಿಸಬೇಕಾದ ಮೊದಲ ಸತ್ಯವೆಂದರೆ ಸದ್ದು ಕೇಳಿಸುವ ಜಾಗ ಬೇರೆ, ಅದು ಹುಟ್ಟುವ ಜಾಗ ಬೇರೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಉಕ್ಕಿನಲ್ಲಿ ಅದರ ವೇಗ 5,000 ಮೀಟರಿಗೂ ಹೆಚ್ಚು. ಕಾರಿನ ತಳಭಾಗ, ಕಂಬಗಳು, ಬಾಗಿಲುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಲೋಹ. ಹಿಂದಿನ ಚಕ್ರದ ಬಳಿ ಹುಟ್ಟಿದ ಗುಂಯ್‌ಗುಡುವಿಕೆ ಮುಂದಿನ ಆಸನದ ಕೆಳಗೆ ಹುಟ್ಟಿದಂತೆ ಕೇಳಬಹುದು. ಸಡಿಲವಾದ ಸೈಲೆನ್ಸರ್ ಕೊಂಡಿಯ ನಡುಕ ಬಾಗಿಲಿನಿಂದ ಬಂದಂತೆ ತೋರಬಹುದು. ಕಿವಿ ಸುಳ್ಳು ಹೇಳುವುದಿಲ್ಲ. ಆದರೆ ಕಿವಿಯ ಸಾಕ್ಷ್ಯ ಪೂರ್ಣವೂ ಅಲ್ಲ. 'ಸದ್ದಿದೆ' ಎಂಬಷ್ಟಕ್ಕೆ ಅದು ಸಾಕ್ಷಿ. 'ಇದೇ ಕಾರಣ' ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಚಿತ್ರದುರ್ಗದ ಕೋಟೆಗೆ ಹೋದವರಿಗೆ ಓಬವ್ವನ ಕಿಂಡಿಯನ್ನು ತೋರಿಸುತ್ತಾರೆ. ಹೈದರಾಲಿಯ ಸೇನೆ ಮದಕರಿ ನಾಯಕನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ನಡೆದದ್ದೆಂದು ಜನರು ಹೇಳುವ ಕಥೆ ಅದು. ಕಾವಲುಗಾರನು ಊಟಕ್ಕೆ ಕುಳಿತಿದ್ದಾನೆ. ನೀರಿಗೆಂದು ಹೋದ ಹೆಂಡತಿಗೆ ಬಂಡೆಯ ಸಂದಿನಿಂದ ಪಿಸುದನಿ ಕೇಳುತ್ತದೆ. ಆಕೆ ಒಡನೆ ಬೊಬ್ಬೆ ಹಾಕಲಿಲ್ಲ, ಕೇಳಿದ್ದನ್ನು ಉಪೇಕ್ಷಿಸಲೂ ಇಲ್ಲ. ಮೊದಲು ನೋಡಿ ಖಚಿತಪಡಿಸಿಕೊಂಡಳು, ಆಮೇಲೆ ಒನಕೆ ಎತ್ತಿದಳು. ಕಿವಿ ಪ್ರಶ್ನೆ ಎತ್ತಿತು, ಕಣ್ಣು ಉತ್ತರ ಕೊಟ್ಟಿತು. ಈ ಎರಡರ ನಡುವಿನ ಅಂತರವನ್ನು ಅರಿತವನೇ ವಿವೇಕಿ.

ಅನುಮಾನವನ್ನೂ ಪರೀಕ್ಷೆಗೆ ಒಡ್ಡಬೇಕು

ಅನುಭವಿ ಮಿಸ್ತ್ರಿ ಏನು ಮಾಡುತ್ತಾನೆ? ಮೊದಲಿಗೆ ಡಿಕ್ಕಿಯನ್ನು ಖಾಲಿ ಮಾಡಿಸುತ್ತಾನೆ. ಸಡಿಲವಾಗಿ ಬಿದ್ದ ಜಾಕ್, ಸೀಟಿನ ಕೆಳಗೆ ಉಳಿದ ಸ್ಪ್ಯಾನರ್, ಬಾಗಿಲಿನೊಳಗೆ ಬಿದ್ದ ನಾಣ್ಯ ಇವೇ ಎಷ್ಟೋ ಸಲ ದೊಡ್ಡ ರೋಗದಂತೆ ಸದ್ದು ಮಾಡುತ್ತವೆ. ಬಳಿಕ ಗಾಡಿಯನ್ನು ನಿಂತಲ್ಲೇ ಇರಿಸಿ ಇಂಜಿನ್ನಿನ ವೇಗ ಏರಿಸುತ್ತಾನೆ. ಅದರೊಂದಿಗೆ ಸದ್ದೂ ಏರಿದರೆ ಟ್ಯಾಪೆಟ್, ಫ್ಯಾನ್ ಬೆಲ್ಟ್ ಮುಂತಾಗಿ ಇಂಜಿನ್ನಿನೊಂದಿಗೆ ಚಲಿಸುವ ಭಾಗಗಳತ್ತ ಗಮನ ಹರಿಸುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಒಂದೊಂದೇ ಭಾಗಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸುತ್ತಾನೆ. ಯಾವ ಲೋಹ ಸದ್ದನ್ನು ಹೊತ್ತೊಯ್ದು ದಾರಿ ತಪ್ಪಿಸಿತೋ ಅದೇ ಲೋಹವನ್ನು ಆತ ದಾರಿ ತೋರಿಸಲು ಬಳಸುತ್ತಾನೆ.

ನಿಂತಾಗ ಸದ್ದಿಲ್ಲದೆ ಓಡುವಾಗ ಮಾತ್ರ ಇದ್ದರೆ ಶೋಧ ಬೇರೆ ದಿಕ್ಕಿಗೆ ತಿರುಗುತ್ತದೆ. ಇಂಜಿನ್ ವೇಗ ಇಳಿದರೂ ಸದ್ದು ಚಕ್ರದ ವೇಗವನ್ನೇ ಹಿಂಬಾಲಿಸಿದರೆ ಟೈರು, ಚಕ್ರದ ಬೇರಿಂಗ್ ಅಥವಾ ಡಿಫರೆನ್ಷಿಯಲ್ ಪರೀಕ್ಷಿಸಬೇಕು. ಗಾಡಿ ಬಲಕ್ಕೆ ತಿರುಗುವಾಗ ಭಾರ ಎಡಬದಿಗೆ ವಾಲುತ್ತದೆ. ಆಗ ಗುಂಯ್‌ ಶಬ್ದ ಹೆಚ್ಚಿದರೆ ಎಡ ಚಕ್ರದ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಅಂಬಾಸಿಡರ್ ಹೊರಡುವ ಕ್ಷಣದಲ್ಲಿ ಒಮ್ಮೆ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಯುನಿವರ್ಸಲ್ ಜಾಯಿಂಟ್ ನೋಡಬೇಕು. ಮುಂದಿನ ಚಕ್ರಗಳಿಗೆ ಶಕ್ತಿ ಹರಿಯುವ ಮಾರುತಿ 800 ಪೂರ್ತಿ ತಿರುಗುವಾಗ 'ಟಕಟಕ' ಎಂದರೆ ಡ್ರೈವ್ ಶಾಫ್ಟಿನ ಹೊರತುದಿಯ ಜಾಯಿಂಟನ್ನು ನೋಡಬೇಕು.

ಈ ಎಲ್ಲ ಕ್ರಮದಲ್ಲಿ ಒಂದು ಶಿಸ್ತಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರು ಭಾಗಗಳನ್ನು ಒಮ್ಮೆಗೇ ಬದಲಿಸಿದಾಗ ಸದ್ದು ನಿಲ್ಲಬಹುದು. ಆದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ. ನಿರ್ದೋಷಿಯಾದ ಎರಡು ಭಾಗಗಳು ಗುಜರಿಗೆ ಹೋಗಿರುತ್ತವೆ, ಅವುಗಳ ಬೆಲೆಯನ್ನು ಒಡೆಯನು ತೆತ್ತಿರುತ್ತಾನೆ. ಇನ್ನೂ ಮುಖ್ಯವಾದ ಮಾತೆಂದರೆ, ಒಳ್ಳೆಯ ಮಿಸ್ತ್ರಿ ತನ್ನ ಅನುಮಾನವನ್ನು ಗೆಲ್ಲಿಸಲು ಹೊರಡುವುದಿಲ್ಲ. ಅದು ಸುಳ್ಳಾಗಬಹುದಾದ ಪರೀಕ್ಷೆಗೇ ಅದನ್ನು ಒಡ್ಡುತ್ತಾನೆ. ಸುಳ್ಳಾದರೆ ಬೇಸರಿಸದೆ ಬಿಟ್ಟುಬಿಡುತ್ತಾನೆ. ಅನುಮಾನವು ಅವನ ಕೈಯಲ್ಲಿರುವ ಉಪಕರಣ, ಅವನ ಮನಸ್ಸಿನಲ್ಲಿರುವ ತೀರ್ಪಲ್ಲ.

ಪಾರಿವಾಳಗಳ ಅಪರಾಧವೇನು?

ವಿಜ್ಞಾನದ ಇತಿಹಾಸದಲ್ಲಿ ಇಂತಹದೇ ಒಂದು ಪ್ರಸಂಗವಿದೆ. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್ ಎಂಬಲ್ಲಿ ಬೆಲ್ ಪ್ರಯೋಗಾಲಯದ ದೊಡ್ಡ ಕಹಳೆಯಾಕಾರದ ಆಂಟೆನಾ ಒಂದಿತ್ತು. 1964ರಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿಜ್ಞಾನಿಗಳಿಗೆ ಅದರಲ್ಲಿ ನಿಲ್ಲದ ಒಂದು ಗೊರಗೊರ ಕಾಣಿಸಿಕೊಂಡಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅದು ಹೋಗಲಿಲ್ಲ. ಆಂಟೆನಾದೊಳಗೆ ಪಾರಿವಾಳಗಳು ಗೂಡು ಕಟ್ಟಿ ಹಿಕ್ಕೆ ಹಾಕಿದ್ದವು. ಅನುಮಾನ ಅವುಗಳ ಮೇಲೆ ಬಂತು. ಹಿಕ್ಕೆ ತೊಳೆದದ್ದಾಯಿತು, ಹಕ್ಕಿಗಳನ್ನು ಹಿಡಿದು ದೂರ ಕಳುಹಿಸಿದ್ದಾಯಿತು. ಅವು ಮರಳಿ ಬಂದವು. ಕೊನೆಗೆ ಅವುಗಳನ್ನು ಕೊಲ್ಲಲಾಯಿತು. ಆದರೂ ಸದ್ದು ನಿಲ್ಲಲಿಲ್ಲ! ಅದು ಬ್ರಹ್ಮಾಂಡದ ಆದಿಕಾಲದಿಂದ ಉಳಿದುಬಂದ ವಿಕಿರಣವೆಂದು ಬಳಿಕ ತಿಳಿಯಿತು. ಆ ಶೋಧಕ್ಕಾಗಿ 1978ರಲ್ಲಿ ಅವರಿಬ್ಬರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಆ ವಿಜ್ಞಾನಿಗಳ ತಾಳ್ಮೆ ಮೆಚ್ಚತಕ್ಕದ್ದು. ಒಂದು ಉತ್ತರ ಸುಳ್ಳಾದಾಗ ಅವರು ಅದಕ್ಕೇ ಅಂಟಿಕೊಳ್ಳಲಿಲ್ಲ. ಆದರೆ ಪಾರಿವಾಳಗಳು? ಸತ್ಯ ಹೊರಬಂದಾಗ ಅವು ಇರಲಿಲ್ಲ. ಅನುಮಾನವು ಉಪಕರಣದ ಮೇಲೆ ಬಿದ್ದರೆ ನಷ್ಟವನ್ನು ತುಂಬಿಕೊಳ್ಳಬಹುದು. ಜೀವದ ಮೇಲೆ ಬಿದ್ದರೆ ಕೆಲವೊಮ್ಮೆ ತುಂಬಲಾಗದು. ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ಇಲ್ಲಿಯೇ ಇದೆ.

ಮನುಷ್ಯನು ಬಿಚ್ಚಿ ನೋಡುವ ಯಂತ್ರವಲ್ಲ

ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಂಜೆ ಐನೂರು ರೂಪಾಯಿ ಕಡಿಮೆ ಬಂತೆಂದು ಭಾವಿಸಿ. ಮಾಲಿಕನ ಕಣ್ಣು ಮೊದಲು ಯಾರತ್ತ ಹೋಗುತ್ತದೆ? ಹೊಸದಾಗಿ ಸೇರಿದ ಬಡ ಹುಡುಗನತ್ತ. ಮನೆಯಲ್ಲಿ ಅತ್ತೆಯ ಬಳೆ ಕಾಣದಾದರೆ? ಕೆಲಸದಾಕೆಯತ್ತ, ಇಲ್ಲವೇ ಹೊಸ ಸೊಸೆಯತ್ತ. ಸಂಬಂಧಗಳೂ ಬೆಸೆದುಕೊಂಡ ಲೋಹದಂತೆಯೇ. ನೋವು ಒಂದೆಡೆ ಹುಟ್ಟಿ ಇನ್ನೊಂದೆಡೆ ಕೇಳಿಸುತ್ತದೆ. ಗಂಡ ಅಂಗಡಿಯ ಸಾಲದ ಚಿಂತೆಯಿಂದ ಸಿಡುಕಿದರೆ ಹೆಂಡತಿಗೆ ತನ್ನ ಅಡುಗೆಯ ಮೇಲಿನ ಕೋಪವಾಗಿ ಕೇಳಿಸುತ್ತದೆ. ಯಾವ ಸಂದು ಅತಿ ದುರ್ಬಲವೋ ಸದ್ದು ಅಲ್ಲಿಂದಲೇ ಬಂದಂತೆ ತೋರುತ್ತದೆ.

ಹಾಗಿದ್ದರೆ ಮಿಸ್ತ್ರಿಯಂತೆ ನಾವೂ ಪರೀಕ್ಷಿಸಿ ನೋಡೋಣ, ಹುಡುಗನ ಚೀಲ ಜಾಲಾಡೋಣ, ಸೊಸೆಯ ಕಪಾಟು ತೆರೆಯೋಣ ಎನ್ನಬಹುದೇ? ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವನ್ನು ಓದುವವರಿಗೆ ಇಲ್ಲಿ ಒಂದು ಒಗಟು ಎದುರಾಗುತ್ತದೆ. ಅದರ 6ನೇ ವಚನವು ಬಂದ ಸುದ್ದಿಯನ್ನು ಪರಿಶೀಲಿಸಿರೆಂದು ಆದೇಶಿಸುತ್ತದೆ. 12ನೇ ವಚನವಾದರೋ ಹೆಚ್ಚಿನ ಗುಮಾನಿಗಳಿಂದ ದೂರವಿರಲು ಹೇಳಿ, ಒಡನೆಯೇ ಇತರರ ಗುಟ್ಟು ಕೆದಕುವುದನ್ನೂ ನಿಷೇಧಿಸುತ್ತದೆ. ಪರಿಶೀಲಿಸಿ ಎನ್ನುವುದೂ ಕೆದಕಬೇಡಿ ಎನ್ನುವುದೂ ಹೇಗೆ ಹೊಂದುತ್ತವೆ?

ಸ್ವಲ್ಪ ಯೋಚಿಸಿದರೆ ವಿರೋಧವಿಲ್ಲವೆಂದು ಮನಗಾಣುವೆವು. ಮೊದಲನೆಯದು ಕ್ರಮ ಕೈಗೊಳ್ಳಲು ಹೊರಟವನಿಗೆ ಹಾಕಿದ ಕಡಿವಾಣ. ನಿನ್ನ ಕೈಯಿಂದ ನಿರಪರಾಧಿಗೆ ಕೇಡಾಗದಂತೆ ನಿನ್ನ ತಿಳಿವಳಿಕೆಯನ್ನು ಶೋಧಿಸಿಕೋ ಎಂಬುದು ಅದರ ಆಶಯ. ಎರಡನೆಯದು ಇನ್ನೊಬ್ಬರ ಮಾನಕ್ಕೆ ಹಾಕಿದ ಬೇಲಿ. ಬೇರಿಂಗನ್ನು ಬಿಚ್ಚಿ, ಅದು ಸರಿಯಿದೆಯೆಂದು ಕಂಡು ಮರಳಿ ಜೋಡಿಸಿದರೆ ಅದು ಮೊದಲಿನಂತೆಯೇ ತಿರುಗುತ್ತದೆ. ಆದರೆ ಎಲ್ಲರೆದುರು ಚೀಲ ಜಾಲಾಡಿಸಿಕೊಂಡ ಹುಡುಗನು, ಅದರಲ್ಲಿ ಏನೂ ಸಿಗದಿದ್ದರೂ, ಮೊದಲಿನಂತಾಗುವನೇ? ವಸ್ತುವಿನ ವಿಷಯದಲ್ಲಿ ಪರೀಕ್ಷೆ ಬೇರೆ, ಶಿಕ್ಷೆ ಬೇರೆ. ಮನುಷ್ಯನ ವಿಷಯದಲ್ಲಿ ಪರೀಕ್ಷೆಯೇ ಶಿಕ್ಷೆಯಾಗುತ್ತದೆ.

ಹಾಗೆಂದು ಹಣ ಕಳಕೊಂಡವನು ಕೈಕಟ್ಟಿ ಕೂರಬೇಕೇ? ಕೂರಬೇಕಾಗಿಲ್ಲ. ಅವನು ವಸ್ತುಗಳನ್ನು ಪರೀಕ್ಷಿಸಲಿ. ಹಣವನ್ನು ಮತ್ತೆ ಎಣಿಸಲಿ, ಬಿಲ್ಲುಗಳನ್ನು ತಾಳೆ ನೋಡಲಿ, ಸಾಲ ಕೊಟ್ಟದ್ದನ್ನು ನೆನಪಿಸಿಕೊಳ್ಳಲಿ. ಅಷ್ಟಾದ ಮೇಲೂ ಪ್ರಶ್ನೆ ಉಳಿದರೆ ಸಂಬಂಧಪಟ್ಟವನನ್ನು ಏಕಾಂತದಲ್ಲಿ ನೇರವಾಗಿ ಕೇಳಲಿ. ಅವನ ಮಾತು ಮುಗಿಯುವವರೆಗೆ ಮೂರನೆಯವನ ಕಿವಿಗೆ ಸುದ್ದಿ ಹಾಕದಿರಲಿ. ವಸ್ತುವನ್ನು ತೆರೆದು ನೋಡು, ಮನುಷ್ಯನನ್ನು ಕೇಳಿ ತಿಳಿ. ನಾವು ಹುಡುಕುತ್ತಿದ್ದ ಗೆರೆ ಇದೇ.

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋದ ಪ್ರಸಂಗವು ಸಹೀಹ್ ಮುಸ್ಲಿಮ್ ಗ್ರಂಥದಲ್ಲಿದೆ. ಅವರು ರಾಶಿಯೊಳಗೆ ಕೈ ಹಾಕಿದರು, ಒಳಗೆ ತೇವವಿತ್ತು. ಅವರು ವ್ಯಾಪಾರಿಯ ಮೇಲೆ ಗೂಢಚಾರರನ್ನು ಬಿಡಲಿಲ್ಲ, ಅವನನ್ನೇ ಕೇಳಿದರು. ಮಳೆಗೆ ನೆನೆಯಿತೆಂದು ಅವನು ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಎಚ್ಚರಿಸಿದರು. ಕೈ ಇಳಿದದ್ದು ಸರಕಿನೊಳಗೆ, ಪ್ರಶ್ನೆ ಕೇಳಿದ್ದು ಮನುಷ್ಯನಿಗೆ.

ಮಾರುವವನ ಬಾಯಿ

ಈ ಪ್ರಸಂಗವು ನಮ್ಮ ಕಾರಿನ ಕಥೆಯನ್ನು ಇನ್ನೊಂದು ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಸದ್ದಿನ ಮೂಲ ಸಿಗಲಿಲ್ಲವೆನ್ನಿ. ಬೇಸತ್ತ ಒಡೆಯನು ಗಾಡಿ ಮಾರಲು ನಿರ್ಧರಿಸುತ್ತಾನೆ. ಕೊಳ್ಳುವವನು ಬಂದ ದಿನ ಸದ್ದು ಅದೃಷ್ಟವಶಾತ್ ಅಡಗಿರುತ್ತದೆ. ಅವನು ಹೇಳಬೇಕೇ? 'ದೋಷವೇನೆಂದು ನನಗೇ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ?' ಎಂದು ಮನಸ್ಸು ವಾದಿಸುತ್ತದೆ.

ಈ ವಾದ ನಿಲ್ಲುವುದಿಲ್ಲ. ಅವನಿಗೆ ಕಾರಣ ಗೊತ್ತಿಲ್ಲ ನಿಜ, ಆದರೆ ಸದ್ದು ಗೊತ್ತಿದೆ. 'ಹೀಗೊಂದು ಸದ್ದು ಬರುತ್ತದೆ, ಕಾರಣ ತಿಳಿಯದು' ಎಂಬುದು ಸತ್ಯ. 'ಗಾಡಿಯಲ್ಲಿ ಏನೂ ಇಲ್ಲ' ಎಂಬುದು ಸುಳ್ಳು. ರೇಡಿಯೋ ಹಚ್ಚಿ ಗಾಡಿ ಓಡಿಸಿ ತೋರಿಸುವುದು ಮಾತಿಲ್ಲದ ಸುಳ್ಳು. ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆಯು ಸಾಮಾನ್ಯವಾಗಿ ಸರಕಿನ ಗುಣಮಟ್ಟದ ಎಚ್ಚರವನ್ನು ಕೊಳ್ಳುವವನಿಗೇ ಬಿಡುತ್ತದೆ, ಕೆಲವು ವಿನಾಯಿತಿಗಳೊಂದಿಗೆ. ಫಿಕ್‌ಹ್ ಶಾಸ್ತ್ರದಲ್ಲಾದರೋ 'ಖಿಯಾರುಲ್ ಐಬ್' ಎಂಬ ಹಕ್ಕಿದೆ. ಮಾರಾಟಕ್ಕೆ ಮೊದಲೇ ಇದ್ದ ಗುಪ್ತ ದೋಷ ಆಮೇಲೆ ತಿಳಿದುಬಂದರೆ ಕೊಂಡವನು ವಸ್ತುವನ್ನು ಹಿಂದಿರುಗಿಸಬಹುದು. 'ಯಾವ ದೋಷಕ್ಕೂ ನಾನು ಹೊಣೆಯಲ್ಲ' ಎಂಬ ಕರಾರಿನ ಕುರಿತು ಇಮಾಮರಲ್ಲಿ ಅಭಿಪ್ರಾಯಭೇದವಿದೆ. ಆದರೆ ಅರಿತ ದೋಷವನ್ನು ಅಡಗಿಸುವುದು ಪಾಪವೆಂಬುದರಲ್ಲಿ ಭೇದವಿಲ್ಲ.

ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾ(ರ)ರ ಕುರಿತು ಚರಿತ್ರಕಾರರು ಹೇಳುವ ಘಟನೆ ಪ್ರಸಿದ್ಧವಾಗಿದೆ. ದೋಷವಿರುವ ಬಟ್ಟೆಯನ್ನು ತಿಳಿಸಿಯೇ ಮಾರಬೇಕೆಂದು ಅವರು ಪಾಲುದಾರನಿಗೆ ಹೇಳಿದ್ದರು. ಅವನು ಮರೆತು ಮಾರಿಬಿಟ್ಟ, ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ವ್ಯಾಪಾರದ ಹಣವನ್ನು ದಾನ ಮಾಡಿದರು. ಕೇಳುವವನಿಲ್ಲದ ಕಡೆಯಲ್ಲೂ ಲೆಕ್ಕವಿದೆಯೆಂದು ನಂಬಿದವರ ವ್ಯಾಪಾರ ಹಾಗಿತ್ತು.

ಇಲ್ಲಿ ಇನ್ನೊಂದು ಅಂಶವೂ ಇದೆ. ಹಳೆಯ ಕಾರನ್ನು ಕೊಳ್ಳುವವನು ಸಾಮಾನ್ಯವಾಗಿ ಶ್ರೀಮಂತನಲ್ಲ. ಹೊಸದಕ್ಕೆ ಹಣವಿಲ್ಲದವನೇ ಹಳೆಯದಕ್ಕೆ ಬರುತ್ತಾನೆ. ಬೇರಿಂಗ್ ಕೈಕೊಡುವ ದಿನ ಅದರಲ್ಲಿ ಅವನ ಹೆಂಡತಿ ಮಕ್ಕಳು ಕುಳಿತಿರಬಹುದು. ಅಡಗಿಸಿದ ಸದ್ದಿನ ಬೆಲೆಯನ್ನು ತೆರುವವರು ಅವರು.

ತೆರೆಯಬಹುದಾದ ಒಂದೇ ಒಂದು ಎದೆ

ಪ್ರಿಯ ಓದುಗರೇ, ಪರರ ಅಂತರಂಗದ ಕೀಲಿ ನಮಗೆ ಕೊಟ್ಟಿಲ್ಲ. ಆದರೆ ಒಂದು ಅಂತರಂಗವನ್ನು ಬಿಚ್ಚಿ ನೋಡಲು ನಮಗೆ ಪೂರ್ಣ ಅಧಿಕಾರವಿದೆ. ಅದು ನಮ್ಮದೇ. ವಿಚಿತ್ರವೆಂದರೆ ನಾವು ಮಾಡುವುದು ತಿರುಗುಮುರುಗು. ನೆರೆಯವನ ಸಣ್ಣ ಸದ್ದಿಗೂ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತೇವೆ, ನಮ್ಮೊಳಗಿನ ಸದ್ದಿಗೆ ರೇಡಿಯೋ ಜೋರು ಮಾಡುತ್ತೇವೆ. ದಿನವೂ ಅದೇ ಗಾಡಿಯಲ್ಲಿ ಓಡಾಡುವವನಿಗೆ ಅದರ ಸದ್ದು ಕೇಳಿಸದಾಗುತ್ತದೆ. ಒಂದು ದಿನ ಹತ್ತಿದ ಅತಿಥಿ 'ಇದೇನು ಸದ್ದು?' ಎಂದು ಕೇಳುತ್ತಾನೆ. ನಮ್ಮ ಕುಂದನ್ನು ನಮಗೇ ಏಕಾಂತದಲ್ಲಿ ಹೇಳುವ ಗೆಳೆಯನು ಅಂತಹ ಅತಿಥಿ. ಅವನ ಮೇಲೆ ಸಿಟ್ಟಾಗುವ ಮೊದಲು ಗಾಡಿ ನಿಲ್ಲಿಸಿ ಒಮ್ಮೆ ಆಲಿಸುವುದು ಒಳಿತು. ಸವೆಯುವ ಬೇರಿಂಗ್ ಮುರಿಯುವ ಮೊದಲು ಬಹಳ ದಿನ ಸದ್ದು ಮಾಡುತ್ತದೆ. ಅದು ಕಿರುಕುಳವಲ್ಲ, ನಮಗೆ ಕೊಟ್ಟ ಕಾಲಾವಕಾಶ.