ತೂಕ ಸರ್ಕಾರದ್ದು, ದರ ಯಾರದ್ದು?

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಉಳ್ಳಾಗಡ್ಡಿ ಸವಾಲು ನಡೆಯುವಾಗ ರೈತನ ಕಣ್ಣು ಎರಡು ಕಡೆ ಇರುತ್ತದೆ. ಒಂದು ತೂಕದ ಕಾಟಾದ ಮೇಲೆ, ಇನ್ನೊಂದು ಸವಾಲು ಕೂಗುವವನ ಬಾಯಿಯ ಮೇಲೆ. ಖರೀದಿದಾರ ರಾಶಿಯಿಂದ ಒಂದು ಗಡ್ಡಿ ಎತ್ತಿ, ಹೆಬ್ಬೆರಳಿನಿಂದ ಅದರ ಕುತ್ತಿಗೆ ಒತ್ತಿ ನೋಡುತ್ತಾನೆ. ಮೆತ್ತಗಿದ್ದರೆ ಒಳಗೆ ಕೊಳೆ ಹತ್ತಿದೆ ಎಂದು ಲೆಕ್ಕ. ಆಮೇಲೆ ಒಂದು ದರ ಹೇಳುತ್ತಾನೆ, ಪಕ್ಕದವನು ಅದಕ್ಕೆ ಐವತ್ತು ಸೇರಿಸುತ್ತಾನೆ. ಕಾಟಾ ಸರಿಯಾಗಿರಬೇಕು ಎಂದು ಎಲ್ಲರೂ ಬಯಸುತ್ತಾರೆ. ದರ ಎಷ್ಟಿರಬೇಕು ಎಂಬುದರಲ್ಲಿ ಯಾವ ಇಬ್ಬರಿಗೂ ಒಮ್ಮತವಿಲ್ಲ. ಮುಕ್ತ ಮಾರುಕಟ್ಟೆ ಎಂಬ ವಿಚಾರವನ್ನು ನಾನು ಈ ಕಾಟಾ ಮತ್ತು ಈ ದರದ ನಡುವಿನ ವ್ಯತ್ಯಾಸದಿಂದಲೇ ವಿವರಿಸಬೇಕೆಂದಿದ್ದೇನೆ. ಏಕೆಂದರೆ ನಮ್ಮ ಸಾರ್ವಜನಿಕ ಮಾತಿನಲ್ಲಿ ಇವೆರಡೂ ಕಲಸಿಹೋಗಿವೆ.

ಧಾರವಾಡದ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದಿದೆ: ಮುಕ್ತ ಮಾರುಕಟ್ಟೆ ಎಂದರೆ ಸರ್ಕಾರ ಕೈಕಟ್ಟಿ ಕೂಡುವುದು, ಉಳ್ಳವರು ಇಲ್ಲದವರನ್ನು ನುಂಗುವುದು. ಇನ್ನೊಂದು ಕಡೆ, ಅಗ್ಗದ ಜಮೀನು, ತೆರಿಗೆ ವಿನಾಯಿತಿ, ಎದುರಾಳಿಯ ಮಾಲಿನ ಮೇಲೆ ಸುಂಕ ಇವಿಷ್ಟನ್ನೂ ಸರ್ಕಾರದಿಂದ ಕೇಳುವ ಉದ್ಯಮಿಗಳೂ ತಮ್ಮನ್ನು ಮುಕ್ತ ಮಾರುಕಟ್ಟೆಯವರು ಎಂದೇ ಕರೆದುಕೊಳ್ಳುತ್ತಾರೆ. ಇಬ್ಬರೂ ತಪ್ಪು. ಈ ವಿಚಾರವನ್ನು ಗಂಭೀರವಾಗಿ ಹಿಡಿದ ಯಾರೂ ಸರ್ಕಾರವೇ ಬೇಡ ಎಂದವರಲ್ಲ. ಕಳ್ಳ ತೂಕಕ್ಕೆ ದಂಡ ಹಾಕುವವರು, ಕೊಟ್ಟ ಚೆಕ್ಕು ವಾಪಸಾದರೆ ವಿಚಾರಿಸುವವರು, ಕಲಬೆರಕೆ ಹಿಡಿಯುವವರು ಇಲ್ಲದಿದ್ದರೆ ಮಾರುಕಟ್ಟೆಯೇ ಇಲ್ಲ. ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1863ರಲ್ಲೇ ಹತ್ತಿಯ ಕಲಬೆರಕೆ ತಡೆಯಲು ಕಾನೂನು ಬಂದಿತ್ತು. ಅದು ಕಾಟಾದ ಜಾತಿಯ ಕಾನೂನು. ಯಾರು ಯಾರಿಗೆ ಎಷ್ಟಕ್ಕೆ ಮಾರಬೇಕು ಎಂದು ಅದು ಹೇಳಲಿಲ್ಲ. ಹತ್ತಿ ಎಂದು ಮಾರಿದ್ದು ಹತ್ತಿಯೇ ಆಗಿರಲಿ ಎಂದಿತು.

ಕಾಟಾದ ನಿಯಮಕ್ಕೆ ಎರಡು ಗುಣ. ಅದು ಬಿತ್ತುವ ಮೊದಲೇ ಗೊತ್ತಿರುತ್ತದೆ, ಮತ್ತು ಎದುರಿಗೆ ನಿಂತವನು ಯಾರು ಎಂದು ಕೇಳುವುದಿಲ್ಲ. ದರದ ಮೇಲೆ ಬೀಳುವ ಕೈಗೆ ಈ ಎರಡೂ ಗುಣ ಇಲ್ಲ. ಅದು ಬೆಳೆ ಬಂದ ಮೇಲೆ ಬರುತ್ತದೆ, ಒಬ್ಬನನ್ನು ನೋಡಿ ಬಿಡುತ್ತದೆ, ಇನ್ನೊಬ್ಬನನ್ನು ನೋಡಿ ಹಿಡಿಯುತ್ತದೆ. ನಾನು ಹಸ್ತಕ್ಷೇಪ ಎನ್ನುವುದು ಇದನ್ನು ಮಾತ್ರ.

2023ರ ಉಳ್ಳಾಗಡ್ಡಿಯ ಕಥೆಯನ್ನು ತಾರೀಖು ಸಮೇತ ಹೇಳುತ್ತೇನೆ. ಅದು ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳಲ್ಲಿ ಮುಂಗಾರಿ ಗಡ್ಡಿ ಉಳಿಸಿಕೊಂಡವನಿಗೆ ಒಂದೇ ಸಮಾಧಾನ ಇತ್ತು: ಮಾಲು ಕಡಿಮೆ, ದರವಾದರೂ ಬಂದೀತು. ಆಗಸ್ಟ್ 19ರಂದು ಕೇಂದ್ರ ಸರ್ಕಾರ ರಫ್ತಿನ ಮೇಲೆ ಶೇ 40 ಸುಂಕ ಹೇರಿತು. ಅಕ್ಟೋಬರ್ ಕೊನೆಗೆ, ಟನ್ನಿಗೆ 800 ಡಾಲರಿಗಿಂತ ಕಡಿಮೆಗೆ ರಫ್ತು ಮಾಡುವಂತಿಲ್ಲ ಎಂದಿತು. ಡಿಸೆಂಬರ್ 8ರಿಂದ ರಫ್ತನ್ನೇ ನಿಲ್ಲಿಸಿತು. ಮೊದಲು ಮಾರ್ಚ್ 31ರವರೆಗೆ ಎಂದರು, ಆ ಗಡುವು ಬರುವ ಮೊದಲೇ ಮುಂದಿನ ಆದೇಶದವರೆಗೆ ಎಂದರು. ನಿಷೇಧ ಹೋದದ್ದು 2024ರ ಮೇ 4ರಂದು. ನಮ್ಮ ಮುಂಗಾರಿ ಗಡ್ಡಿಯಲ್ಲಿ ನೀರಿನ ಅಂಶ ಹೆಚ್ಚು, ನಾಸಿಕದ ಬೇಸಿಗೆ ಗಡ್ಡಿಯ ಹಾಗೆ ತಿಂಗಳುಗಟ್ಟಲೆ ತಡೆಯುವುದಿಲ್ಲ. ಮೇ ತಿಂಗಳವರೆಗೆ ಕಾಯಿರಿ ಎಂದು ಗಡ್ಡಿಗೆ ಹೇಳುವಂತಿಲ್ಲ.

ಈ ಆದೇಶಗಳ ಸಾಲಿನಲ್ಲಿ ವಿನಾಯಿತಿಗಳೂ ಇದ್ದವು. ಸೆಪ್ಟೆಂಬರ್ ಕೊನೆಗೆ ಬೆಂಗಳೂರು ಗುಲಾಬಿ ಈರುಳ್ಳಿಗೆ ಸುಂಕ ಬಿಟ್ಟರು. ಅದಕ್ಕೆ ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಬೇಕಿತ್ತು. 2024ರ ಏಪ್ರಿಲ್‌ನಲ್ಲಿ, ನಿಷೇಧ ಇನ್ನೂ ಜಾರಿಯಲ್ಲಿರುವಾಗಲೇ, ಗುಜರಾತಿನ 2,000 ಟನ್ ಬಿಳಿ ಈರುಳ್ಳಿಗೆ ದಾರಿ ಬಿಟ್ಟರು. ಗುಲಾಬಿ ಬೆಳೆದವರ ಮೇಲೆ, ಬಿಳಿ ಬೆಳೆದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಿಗೆ ಸಿಕ್ಕದ್ದು ಎಲ್ಲರಿಗೂ ಇರಬೇಕಾದ ಹಕ್ಕೇ. ಆದರೆ ಹಕ್ಕು ಅರ್ಜಿಯಾಗಿ, ಅರ್ಜಿ ಪ್ರಮಾಣಪತ್ರವಾಗಿ, ಕೊನೆಗೆ ಯಾರ ಮಾತು ದೆಹಲಿಯಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಯಾಗಿ ಬದಲಾದದ್ದನ್ನು ನೋಡಿ. ದರಕ್ಕೆ ಕೈ ಹಾಕಿದ ಸರ್ಕಾರ ಎಲ್ಲಿಯೇ ಇರಲಿ, ಅದರ ಬಾಗಿಲ ಮುಂದೆ ಸಾಲು ಹುಟ್ಟುತ್ತದೆ. ಆ ಸಾಲಿನಲ್ಲಿ ಅಣ್ಣಿಗೇರಿಯ ರೈತ ಎಂದೂ ಮುಂದೆ ಇರುವುದಿಲ್ಲ.

ಊಟದ ತಟ್ಟೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಉಳ್ಳಾಗಡ್ಡಿ ದರ ಏರಿದರೆ ಹಳೇ ಹುಬ್ಬಳ್ಳಿಯ ಕೂಲಿಯವಳ ಮನೆಯಲ್ಲಿ ರೊಟ್ಟಿಯ ಜೊತೆಗಿನ ಹಸಿ ಉಳ್ಳಾಗಡ್ಡಿಗೂ ಸಂಚಕಾರ. ಅವಳಿಗೆ ನೆರವಾಗುವುದು ಸರ್ಕಾರದ ಕೆಲಸವೇ. ಆದರೆ ಆ ನೆರವಿನ ಖರ್ಚು ಯಾರ ಕಿಸೆಯಿಂದ ಹೋಗಬೇಕು? ಖಜಾನೆಯಿಂದ ಕೊಟ್ಟರೆ ನಾವೆಲ್ಲ ತೆರಿಗೆದಾರರು ಹಂಚಿಕೊಂಡು ಕೊಟ್ಟಂತೆ. ಬಜೆಟ್ಟಿನಲ್ಲಿ ಕಾಣುತ್ತದೆ, ಶಾಸನಸಭೆಯಲ್ಲಿ ಪ್ರಶ್ನೆ ಕೇಳಬಹುದು. ರಫ್ತು ನಿಲ್ಲಿಸಿ ದರ ಇಳಿಸಿದರೆ ಪೂರ್ತಿ ಖರ್ಚು ಉಳ್ಳಾಗಡ್ಡಿ ಬೆಳೆದವನ ತಲೆಗೆ ಬರುತ್ತದೆ. ಅದೂ ತೆರಿಗೆಯೇ. ಎಲ್ಲೂ ಬರೆದಿಡದ, ಒಂದೇ ಕಸುಬಿನವರ ಮೇಲೆ ಹಾಕಿದ ತೆರಿಗೆ. ಮೇಲಾಗಿ ಬೆಂಬಲ ಬೆಲೆಯ ಪಟ್ಟಿಯಲ್ಲಿ ಉಳ್ಳಾಗಡ್ಡಿ ಇಲ್ಲ. ದರ ಏರಿದಾಗ ಹಿಡಿಯುವ ಕೈಯಿಂದ, ಬಿದ್ದಾಗ ಹಿಡಿಯುತ್ತೇನೆಂಬ ಭರವಸೆಯೂ ಇಲ್ಲ.

ದರವನ್ನು ಮುಟ್ಟಬಾರದು ಎನ್ನಲು ಇನ್ನೊಂದು ಕಾರಣವನ್ನು ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ 1945ರ ಒಂದು ಪ್ರಬಂಧದಲ್ಲಿ ಹೇಳಿದ. ದರ ಎಂದರೆ ಸುದ್ದಿ. ಎಲ್ಲೋ ಮಳೆ ಹೋಯಿತು, ಎಲ್ಲೋ ಬೇಡಿಕೆ ಬಂತು ಎಂಬ ನೂರು ಸಂಗತಿಗಳು ಒಂದು ಅಂಕಿಯಾಗಿ ಬಂದು ಸೇರುತ್ತವೆ. ಕುಂದಗೋಳದ ರೈತನಿಗೆ ದುಬೈನಲ್ಲಿ ಏನಾಯಿತು ಎಂದು ಗೊತ್ತಿರಬೇಕಿಲ್ಲ, ದರ ಗೊತ್ತಿದ್ದರೆ ಸಾಕು, ಮುಂದಿನ ಸಲ ಎಷ್ಟು ಎಕರೆ ಹಾಕಬೇಕು ಎಂದು ತೀರ್ಮಾನಿಸುತ್ತಾನೆ. ಆದೇಶದಿಂದ ದರ ಇಳಿಸುವುದೆಂದರೆ ಅವನಿಗೆ ಸುಳ್ಳು ಸುದ್ದಿ ಕೊಟ್ಟಂತೆ. ಅವನು ಕಡಿಮೆ ಬಿತ್ತುತ್ತಾನೆ. ಮುಂದಿನ ವರ್ಷ ಮತ್ತೆ ಅಭಾವ, ಮತ್ತೆ ಆದೇಶ. 2019ರಲ್ಲಿ ನಿಷೇಧ, 2020ರಲ್ಲಿ ನಿಷೇಧ, 2023ರಲ್ಲಿ ನಿಷೇಧ.

ಇಲ್ಲಿ ರೈತ ಸಂಘದ ನಾಯಕ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ಜೊತೆ ಜಗಳ ಆಡಲೇಬೇಕು. ಧಾರವಾಡ ಗ್ರಾಮೀಣ ಕ್ಷೇತ್ರದಿಂದ ವಿಧಾನಸಭೆಗೆ ಹೋಗಿದ್ದವರು, ನಮ್ಮ ಸೀಮೆಯ ಎರಡು ತಲೆಮಾರಿನ ರೈತರ ವಿಚಾರವನ್ನು ರೂಪಿಸಿದವರು. ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ, ವಾದದ ಬಗ್ಗೆ ಇಲ್ಲ. 1992ರ ಡಿಸೆಂಬರ್‌ನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. ಕಂಪನಿಯೇ ಮಾರುಕಟ್ಟೆ, ಮಾರುಕಟ್ಟೆಯೇ ಗುಲಾಮಗಿರಿ ಎಂಬ ಸಮೀಕರಣ ಅಂದಿನಿಂದ ನಮ್ಮ ನಾಲಿಗೆಗೆ ಅಂಟಿಕೊಂಡಿತು. ಆದರೆ ಯಾವ ದೊಡ್ಡ ಕಂಪನಿಯೂ ಮುಕ್ತ ಮಾರುಕಟ್ಟೆಯನ್ನು ಮನಸಾರೆ ಪ್ರೀತಿಸುವುದಿಲ್ಲ. ಅದಕ್ಕೆ ಬೇಕಿರುವುದು ಎದುರಾಳಿ ಇಲ್ಲದ ಅಂಗಡಿ, ಅದನ್ನು ಕಟ್ಟಿಕೊಡಬಲ್ಲದ್ದು ಸರ್ಕಾರ ಒಂದೇ. ಪ್ರೊಫೆಸರರು ಹೆದರಿದ ಏಕಸ್ವಾಮ್ಯಕ್ಕೆ ಮದ್ದು ಇನ್ನಷ್ಟು ಮಾರುವವರು, ಇನ್ನಷ್ಟು ಕೊಳ್ಳುವವರು.

ನನಗೆ ಹೆಚ್ಚು ನೋವು ತರುವುದು ಇನ್ನೊಂದು ಮರೆವು. ರೈತ ಸಂಘ ಹುಟ್ಟಿದ್ದು ಯಾವುದರಿಂದ? 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರ ಹೇರಿದ್ದು ಯಾವ ವಿದೇಶಿ ಕಂಪನಿಯೂ ಅಲ್ಲ, ಸರ್ಕಾರ. ಗುಂಡು ಹಾರಿಸಿದ್ದೂ ಸರ್ಕಾರದ ಪೊಲೀಸರೇ. ಆ ಕಿಚ್ಚಿನಿಂದ ಹುಟ್ಟಿದ ಚಳವಳಿ ಹತ್ತೇ ವರ್ಷಗಳಲ್ಲಿ, ರೈತನನ್ನು ಕಾಪಾಡಲು ಸರ್ಕಾರವೇ ಗೋಡೆ ಕಟ್ಟಬೇಕು ಎನ್ನತೊಡಗಿತು. ಅದೇ ಕಾಲದಲ್ಲಿ ಗಡಿಯಾಚೆ, ಪುಣೆ ಹತ್ತಿರದ ಚಾಕಣದ ಉಳ್ಳಾಗಡ್ಡಿ ಬೆಳೆಗಾರರಿಂದ ಚಳವಳಿ ಶುರು ಮಾಡಿದ ಶರದ್ ಜೋಶಿ ಇದಕ್ಕೆ ತದ್ವಿರುದ್ಧವಾದ ಪಾಠ ಕಲಿತರು: ರೈತನ ದರವನ್ನು ಕೆಳಗೆ ಹಿಡಿದಿರುವುದು ಸರ್ಕಾರದ ಕೈ, ಮೊದಲು ಅದು ಮೇಲೇಳಲಿ. ಜೋಶಿಯವರನ್ನು ನಾವು ಓದಲಿಲ್ಲ. ಓದಬೇಕಿತ್ತು.

ಎಪಿಎಂಸಿ ಜಗಳಕ್ಕೂ ಇದೇ ಅಳತೆ ಹಿಡಿಯಿರಿ. ಪ್ರಾಂಗಣದ ಸರಿಯಾದ ಕಾಟಾ, ಬಹಿರಂಗ ಸವಾಲು ಒಳ್ಳೆಯವು. ಪ್ರಾಂಗಣದ ಹೊರಗೆ ಮಾರಕೂಡದು ಎಂಬ ಕಟ್ಟಳೆ ಕೆಟ್ಟದ್ದು. ರಾಜ್ಯದ ಎಪಿಎಂಸಿ ಕಾಯ್ದೆಯ 2020ರ ತಿದ್ದುಪಡಿ ಆ ಕಟ್ಟಳೆಯನ್ನು ತೆಗೆಯಿತು. 2023ರಲ್ಲಿ ಬಂದ ಸರ್ಕಾರ ಅದನ್ನು ಮರಳಿ ತರಲು ಹೊರಟಿತು. ಎರಡೂ ಸಲ ನಮ್ಮಲ್ಲಿ ನಡೆದದ್ದು ಪಕ್ಷದ ಚರ್ಚೆ, ಕಾಟಾ ಮತ್ತು ದರದ ಚರ್ಚೆ ಅಲ್ಲ.

ದುಡಿಮೆಯ ವಿಷಯಕ್ಕೆ ಬಂದರೆ ಜನ ಇನ್ನೂ ಬೇಗ ಸಿಟ್ಟಾಗುತ್ತಾರೆ. ಹಮಾಲನ ಬೆನ್ನಿಗೆ 50 ಕಿಲೋ ಮೀರಿದ ಚೀಲ ಹೊರಿಸಬಾರದು ಎಂದು ಸರ್ಕಾರ ಹೇಳಿದರೆ ಅದು ಕಾಟಾದ ನಿಯಮ, ನನ್ನ ಒಪ್ಪಿಗೆಯಿದೆ. ಹಮಾಲರೆಲ್ಲ ಒಟ್ಟಾಗಿ ಚೀಲಕ್ಕೆ ಇಷ್ಟು ಕೊಡದಿದ್ದರೆ ಹೊರುವುದಿಲ್ಲ ಎಂದರೆ ಅದು ವ್ಯಾಪಾರದ ಮಾತು, ದಲಾಲರು ಒಟ್ಟಾಗಿ ಕೂತು ಮಾತಾಡುವಷ್ಟೇ ನ್ಯಾಯ. ಆದರೆ 100 ಮಂದಿ ದುಡಿಯುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕು ಎಂದಿದ್ದಾಗ, ಮಾಲೀಕ 100ನೆಯವನನ್ನು ತೆಗೆದುಕೊಳ್ಳಲು ಹಿಂಜರಿಯುತ್ತಿದ್ದ, ಇಲ್ಲವೇ ಗುತ್ತಿಗೆಯವನನ್ನು ಕರೆಯುತ್ತಿದ್ದ. ಒಳಗಿದ್ದವನ ರಕ್ಷಣೆಗೆ ಬೆಲೆ ತೆತ್ತವನು ಗೇಟಿನ ಹೊರಗೆ ನಿಂತವನು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿತು, ಅಷ್ಟು ಮಾತ್ರ.

ಇದೇ ದುಡಿಮೆಯ ವಿಷಯದಲ್ಲಿ, 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟ, ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಉಳಿದ ಹುದ್ದೆಗಳ ಶೇ 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ಒಪ್ಪಿತು. ಎರಡು ದಿನದಲ್ಲಿ ತಡೆಹಿಡಿಯಿತು. ಮಸೂದೆಗೆ ಚಪ್ಪಾಳೆ ತಟ್ಟಿದವರಲ್ಲಿ ನನ್ನ ಗೆಳೆಯರೂ ಇದ್ದರು. ಅವರಿಗೆ ಕೇಳಿದೆ: ರಾತ್ರಿ ಹುಬ್ಬಳ್ಳಿಯಿಂದ ಪುಣೆಗೆ, ಗೋವಾಕ್ಕೆ ಬಸ್ಸು ತುಂಬಿ ಹೋಗುವವರು ಯಾರ ಮಕ್ಕಳು? ಗೋವಾದಲ್ಲಿ ಗಾರೆ ಕಲಸುವ ಬಾಗಲಕೋಟೆ, ಗದಗಿನ ಹುಡುಗರಿಗೆ ಅಲ್ಲಿನ ಸರ್ಕಾರ ಇದೇ ಕಾನೂನು ತೋರಿಸಿದರೆ ನಾವು ಏನು ಹೇಳಬೇಕು? ಉತ್ತರ ಸಿಗಲಿಲ್ಲ.

ಕೊನೆಗೆ ಮತ್ತೆ ಉಳ್ಳಾಗಡ್ಡಿಗೆ ಬರುತ್ತೇನೆ. ಅದರ ಮೇಲೆ ಉಳಿದಿದ್ದ ಶೇ 20ರ ರಫ್ತು ಸುಂಕವೂ 2025ರ ಏಪ್ರಿಲ್ 1ರಂದು ಹೋಯಿತು. 2023ರ ಡಿಸೆಂಬರ್‌ನಲ್ಲಿ ಅಮರಗೋಳದಲ್ಲಿ ಮಾರಿ ಪಟ್ಟಿ ಮಡಚಿಕೊಂಡು ಹೋದ ರೈತನಿಗೆ ಅದರಿಂದ ಒಂದು ರೂಪಾಯಿಯೂ ಬರಲಿಲ್ಲ.